ನೂರರ ಬೋರ್ಡಿಗೆ ಒಂಬತ್ತು ಮಂದಿ ಅಡ್ಡ

ಆ ಹೈಸ್ಕೂಲಿನ ಗೇಟು ದಾಟಿದ ಕೂಡಲೇ ಎದುರಾಗುವುದು ಮಕ್ಕಳಲ್ಲ, ಬೋರ್ಡು. ಕಪ್ಪು ತಗಡಿನ ಮೇಲೆ ಬಿಳಿ ಅಕ್ಷರ. ಒಂದು ಇಸವಿ, ಅದರ ಮುಂದೆ ನೂರಕ್ಕೆ ನೂರು. ಕೆಳಗೆ ಮತ್ತೊಂದು ಇಸವಿ, ಮತ್ತೆ ನೂರಕ್ಕೆ ನೂರು. ಹೀಗೆ ಆರು ಸಾಲು. ಬಣ್ಣ ಬರೆಯುವವನು ಈಚೆಗೆ ಫಲಿತಾಂಶ ಎಷ್ಟು ಅಂತ ಕೇಳುವುದನ್ನೇ ಬಿಟ್ಟಿದ್ದ. ರಜೆಯಲ್ಲಿ ಏಣಿ ತಂದು, ಇಸವಿ ಬದಲಾಯಿಸಿ, ಉಳಿದದ್ದನ್ನು ಮೇಲಿನ ಸಾಲು ನೋಡಿಕೊಂಡು ಬರೆದು ಹೋಗುತ್ತಿದ್ದ.

ಹತ್ತನೇ ತರಗತಿಯಲ್ಲಿ ಆ ಶಾಲೆಯ ಯಾವ ಮಗುವೂ ಫೇಲಾಗುವುದಿಲ್ಲ. ಫೇಲಾಗುವ ಹಾಗಿರುವವರು ಪರೀಕ್ಷೆಯ ಹೊತ್ತಿಗೆ ಆ ಶಾಲೆಯಲ್ಲಿ ಇರುವುದೇ ಇಲ್ಲ. ಗುಟ್ಟು ಅಷ್ಟೇ. ಅರ್ಧವಾರ್ಷಿಕ ಪರೀಕ್ಷೆ ಮುಗಿದು, ಪಬ್ಲಿಕ್ ಪರೀಕ್ಷೆಗೆ ಹೆಸರು ಕಳಿಸುವ ಮುಂಚಿನ ವಾರ ಒಂದು ಪಟ್ಟಿ ತಯಾರಾಗುತ್ತದೆ. ಅದರಲ್ಲಿರುವವರ ಅಪ್ಪ ಅಮ್ಮನನ್ನು ಕರೆಸುತ್ತಾರೆ, ಕುರ್ಚಿ ಕೊಟ್ಟು ಕೂರಿಸುತ್ತಾರೆ, ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಆಮೇಲೆ ಟಿಸಿ ಕೈಗಿಟ್ಟು, ಹೊರಗಿನಿಂದ ಖಾಸಗಿಯಾಗಿ ಪರೀಕ್ಷೆ ಕಟ್ಟಿಸಿ ಅಂತ ನಗುನಗುತ್ತಾ ಕಳಿಸುತ್ತಾರೆ. ಹಾಗೆ ಹೋದವರಲ್ಲಿ ಎಷ್ಟು ಮಂದಿ ಪರೀಕ್ಷೆ ಬರೆದರು, ಎಷ್ಟು ಮಂದಿ ಗ್ಯಾರೇಜು ಗೋಡೌನು ಸೇರಿಕೊಂಡರು ಅನ್ನುವುದನ್ನು ಬರೆಯಲು ಯಾವ ಬೋರ್ಡಿನಲ್ಲೂ ಜಾಗವಿಲ್ಲ.

ಆ ಪಟ್ಟಿಗೆ ಕ್ಲಾಸ್ ಟೀಚರ್ ಸಹಿ ಬೇಕು. ಆರು ವರ್ಷದಿಂದ ಆ ಸಹಿ ಗಣಿತದ ಮೇಡಂದು.

ಮೂವತ್ತಮೂರು ವರ್ಷ ಪಾಠ ಹೇಳಿದ ಹೆಂಗಸು. ನಿವೃತ್ತಿಗೆ ಎಂಟು ತಿಂಗಳು ಬಾಕಿ. ಬಲಗೈ ತೋರುಬೆರಳಿನ ತುದಿ ಸೀಮೆಸುಣ್ಣಕ್ಕೆ ಒಣಗಿ ಬಿರುಕು ಬಿಟ್ಟಿತ್ತು. ಮಕ್ಕಳು ಹಿಂದಿನಿಂದ ‘ಹೆಜ್ಜೆ ಮೇಡಂ’ ಅನ್ನುತ್ತಿದ್ದರು. ಉತ್ತರ ಹೇಳಿದವರಿಗೆಲ್ಲ ಆಕೆ ಹೇಳುತ್ತಿದ್ದದ್ದು ಒಂದೇ ಮಾತು, ‘ಹೆಜ್ಜೆ ತೋರಿಸು.’ ಉತ್ತರ ಯಾರ ಜೇಬಿನಿಂದ ಬೇಕಾದರೂ ಬೀಳಬಹುದು, ಹೆಜ್ಜೆ ಮಾತ್ರ ಸ್ವಂತದ್ದು ಅನ್ನುವುದು ಆಕೆಯ ನಂಬಿಕೆ. ಕರಿಹಲಗೆಯ ಮೇಲೆ ಲೆಕ್ಕ ಬರೆದ ಮೇಲೆ ಸೀದಾ ಕೊನೆಯ ಬೆಂಚಿಗೆ ನಡೆದುಹೋಗಿ, ಅಲ್ಲಿಂದ ತನ್ನ ಅಕ್ಷರವನ್ನು ತಾನೇ ಓದುತ್ತಿದ್ದಳು. ಕಾಣದಿದ್ದರೆ ವಾಪಸ್ ಬಂದು ಅಳಿಸಿ ದೊಡ್ಡದಾಗಿ ಬರೆಯುವಳು. ಇಷ್ಟು ವರ್ಷದಲ್ಲಿ ಈ ನಡಿಗೆಯನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಹೊಸದಾಗಿ ಬಂದ ವಿಜ್ಞಾನದ ಮೇಷ್ಟರು ಕಾಲು ನೋಯಲ್ವಾ ಅಂತ ಕೇಳಿದ್ದಕ್ಕೆ, ‘ಕೊನೇ ಬೆಂಚಿಗೆ ಹೋಗ್ತಾ ನೋಯುತ್ತೆ, ಬರ್ತಾ ನೋಯಲ್ಲ’ ಅಂದಿದ್ದಳು.

ತಮಾಷೆಯಲ್ಲೂ ಆಕೆಯದು ಎತ್ತಿದ ಕೈ. ಮಧ್ಯಾಹ್ನ ಊಟವಾದ ಮೇಲಿನ ಪಿರಿಯಡ್ಡಿನಲ್ಲಿ ನಲವತ್ತೇಳು ತಲೆ ತೂಗಾಡುತ್ತಿರುವಾಗ ಒಬ್ಬರನ್ನು ಹಿಡಿದು ಒಂದು ಮಾತು ಬಿಟ್ಟರೆ ಇಡೀ ಕ್ಲಾಸು ಎದ್ದು ಕೂರುತ್ತಿತ್ತು. ಬೈಯುವವರಿಗಿಂತ ನಗಿಸುವವರು ವಾಸಿ ಅಂತ ಮಕ್ಕಳೂ ಒಪ್ಪಿಕೊಂಡಿದ್ದರು. ಆಕೆಯೂ ಒಪ್ಪಿಕೊಂಡಿದ್ದಳು.

ಈ ಸಲದ ಪಟ್ಟಿಯಲ್ಲಿ ಒಂಬತ್ತು ಹೆಸರಿತ್ತು.

ಹೆಡ್‌ಮಾಸ್ಟರು ಆಕೆಗಿಂತ ಹತ್ತು ವರ್ಷ ಚಿಕ್ಕವರು. ದನಿ ಎತ್ತಿ ಮಾತಾಡಿದವರಲ್ಲ. ಪಟ್ಟಿಯನ್ನು ಮೇಜಿನ ಮೇಲೆ ಮೆಲ್ಲಗೆ ಸರಿಸಿ, ಶನಿವಾರ ಪೋಷಕರು ಬರುತ್ತಾರೆ, ಅವರಿಗೆ ತೋರಿಸಲು ಒಂಬತ್ತೂ ಮಕ್ಕಳ ಗಣಿತದ ಉತ್ತರಪತ್ರಿಕೆ ಬೇಕು, ಸಹಿ ಶುಕ್ರವಾರದೊಳಗೆ ಆದರೆ ಸಾಕು ಅಂದರು. ಎಲ್ಲ ಮಕ್ಕಳ ಹಿತದೃಷ್ಟಿಯಿಂದಲೇ. ಈ ‘ಹಿತದೃಷ್ಟಿ’ ಅನ್ನುವ ಪದ ಆ ಕೋಣೆಯಲ್ಲಿ ಫ್ಯಾನಿಗಿಂತ ಹೆಚ್ಚು ಸುತ್ತುತ್ತಿತ್ತು.

ಮೇಡಂ ಪೆನ್ನು ತೆಗೆದಿದ್ದಳು. ಕ್ಯಾಪೂ ಬಿಚ್ಚಿದ್ದಳು. ಪತ್ರಿಕೆ ತಂದುಕೊಟ್ಟೇ ಒಟ್ಟಿಗೆ ಹಾಕಿದರಾಯಿತು ಅಂತ ಮತ್ತೆ ಮುಚ್ಚಿದಳು. ಆ ಕ್ಷಣದಲ್ಲಿ ಅದರ ಹಿಂದೆ ಯಾವ ದೊಡ್ಡ ಯೋಚನೆಯೂ ಇರಲಿಲ್ಲ. ಸೋಮಾರಿತನ ಅಷ್ಟೇ.

ಸ್ಟಾಫ್ ರೂಮಿನಲ್ಲಿ ಆಕೆಯ ಕುರ್ಚಿ ಕಿಟಕಿಯ ಪಕ್ಕ. ಒಂಬತ್ತು ಪತ್ರಿಕೆ ಆರಿಸಿ, ಮೇಲಿನ ಹಾಳೆಯಲ್ಲಿ ಅಂಕ ಸರಿಯಾಗಿ ಕಾಣುತ್ತದೋ ನೋಡುತ್ತಾ ಹೋದಳು. ಐದನೆಯದು ‘ಟೇಪು’ದು. ಎಂಬತ್ತಕ್ಕೆ ಹನ್ನೊಂದು. ಟೇಪು ಅಂದರೆ ಎರಡನೇ ಸಾಲಿನ ಮೂಲೆಯಲ್ಲಿ ಕೂರುವ ಸಣಕಲು ಹುಡುಗಿ. ಅವಳಮ್ಮ ಬಟ್ಟೆ ಹೊಲಿಯುವವಳು. ಇಡೀ ಶಾಲೆ ಅವಳನ್ನು ಟೇಪು ಅಂತಲೇ ಕರೆಯುತ್ತಿತ್ತು, ಹಾಜರಿ ಕೂಗುವಾಗ ಮೇಡಂ ಕೂಡ. ಅವಳ ಪತ್ರಿಕೆಯ ತುಂಬ ಬರೀ ಉತ್ತರ. ಒಂದು ಸಾಲಿನ ಉತ್ತರ, ಸುತ್ತ ಖಾಲಿ. ಪ್ರತಿ ಖಾಲಿ ಜಾಗದಲ್ಲೂ ಮೇಡಂ ಕೆಂಪು ಶಾಯಿಯಲ್ಲಿ ಕೇಳಿದ್ದಳು: ‘ಹೆಜ್ಜೆ ಎಲ್ಲಿ?’ ಉತ್ತರಗಳು ಬಹುಪಾಲು ಸರಿಯೇ. ಪಕ್ಕದವಳದ್ದನ್ನು ನೋಡಿ ಬರೆದದ್ದು ಅಂತ ತೀರ್ಮಾನಿಸಿ ಅರ್ಧ, ಒಂದು ಅಂಕ ಬಿಸಾಕಿದ್ದಳು.

ಹಾಳೆ ತಿರುವುವಾಗ ಕಿಟಕಿಯ ಬಿಸಿಲು ಓರೆಯಾಗಿ ಅದರ ಮೇಲೆ ಬಿತ್ತು. ಖಾಲಿ ಜಾಗ ಖಾಲಿಯಾಗಿರಲಿಲ್ಲ. ಕಾಗದದ ಮೈಯಲ್ಲಿ ಗೀರು. ಬರೆದು ಅಳಿಸಿದ ಗೀರು, ಒಂದರ ಕೆಳಗೊಂದು.

ಮೇಡಂ ಒಂದು ಪೆನ್ಸಿಲ್ ತೆಗೆದುಕೊಂಡು, ಅದನ್ನು ಮಲಗಿಸಿ, ಹಾಳೆಯ ಮೇಲೆ ಹಗುರವಾಗಿ ಉಜ್ಜಿದಳು. ಬೂದು ಬಣ್ಣದ ನಡುವೆ ಬಿಳಿ ಗೆರೆಗಳು ಎದ್ದು ಬಂದವು. ಮೊದಲು ಒಂದು ಚಿತ್ರ, ಆಮೇಲೆ ಅಂಕಿಗಳು. ಹದಿನಾಲ್ಕನೇ ಪ್ರಶ್ನೆ ಸುಲಭದ್ದಲ್ಲ: ಒಂದು ಆಯತದ ಉದ್ದ ಅದರ ಅಗಲಕ್ಕಿಂತ ನಾಲ್ಕು ಹೆಚ್ಚು, ವಿಸ್ತೀರ್ಣ ತೊಂಬತ್ತಾರು, ಉದ್ದ ಅಗಲ ಎಷ್ಟು? ಪುಸ್ತಕದ ಪ್ರಕಾರ ಎಕ್ಸ್ ಇಟ್ಟುಕೊಂಡು ಸಮೀಕರಣ ಬರೆದು ಬಿಡಿಸಬೇಕು. ಅಳಿಸಿದ ಗೀರಿನಲ್ಲಿ ಎಕ್ಸ್ ಇರಲಿಲ್ಲ. ಒಂದು ಆಯತ, ಅದಕ್ಕೆ ಕತ್ತರಿ ಹಾಕಿದ ಹಾಗೆ ಒಂದು ಗೆರೆ, ಬೇರೆ ಕಡೆ ಅಂಟಿಸಿದ ತುಂಡು, ಮೂಲೆಯಲ್ಲಿ ಒಂದು ಪುಟ್ಟ ಚೌಕ. ಅದರ ಕೆಳಗೆ ಮೂರು ಸಾಲು ಲೆಕ್ಕ. ಕೊನೆಗೆ ಪೆನ್ನಿನಲ್ಲಿ: ಹನ್ನೆರಡು, ಎಂಟು.

ಹಿಂದಿನ ಹಾಳೆ ಉಜ್ಜಿದಳು. ಅಲ್ಲೂ ಇತ್ತು. ಮುಂದಿನದನ್ನೂ ಉಜ್ಜಿದಳು. ವಿಜ್ಞಾನದ ಮೇಷ್ಟರು ಬಂದು, ಇದೇನು ಮೇಡಂ, ಮಕ್ಕಳ ಪತ್ರಿಕೆಗೆ ಬಣ್ಣ ಹಚ್ತಾ ಇದ್ದೀರಿ ಅಂದದ್ದು ಆಕೆಯ ಕಿವಿಗೆ ಬೀಳಲಿಲ್ಲ.

ಆ ಸಂಜೆ ಶಾಲೆ ಬಿಟ್ಟ ಮೇಲೆ ಆಕೆ ನೇರವಾಗಿ ಹೊಲಿಗೆ ಅಂಗಡಿಗೆ ಹೋದಳು. ಅಂಗಡಿ ಅನ್ನುವುದಕ್ಕಿಂತ ಮೆಟ್ಟಿಲ ಕೆಳಗಿನ ಜಾಗ. ಒಂದು ಹೊಲಿಗೆ ಮೆಷಿನ್ನು, ಅದಕ್ಕಿಂತ ದೊಡ್ಡದಾದ ಒಂದು ಕತ್ತರಿಸುವ ಮೇಜು, ಮೇಜಿನ ಮೇಲೆ ಕಿಟಕಿ ಪರದೆಯ ಬಟ್ಟೆ. ಹುಡುಗಿ ಮಂಡಿಯೂರಿ ಮೇಜಿನ ಮೇಲೆ ಹತ್ತಿ ಕೂತು ಸೀಮೆಸುಣ್ಣದ ಬಿಲ್ಲೆಯಿಂದ ಗೀಟು ಎಳೆಯುತ್ತಿದ್ದಳು. ಮೇಡಂ ಕಂಡದ್ದೇ ಇಳಿದು, ಕೈ ಹಿಂದೆ ಕಟ್ಟಿ ನಿಂತಳು. ತಾಯಿ ಮೆಷಿನ್ ನಿಲ್ಲಿಸಿದಳು. ಮುಖ ಸಪ್ಪಗಾಯಿತು. ಟೀಚರು ಮನೆ ಬಾಗಿಲಿಗೆ ಬಂದರೆ ಒಳ್ಳೆಯದಕ್ಕೆ ಬರುವುದಿಲ್ಲ ಅನ್ನುವುದು ಎಲ್ಲ ಬೀದಿಗೂ ಗೊತ್ತಿರುವ ವಿಷಯ.

ಮೇಡಂ ಬ್ಯಾಗಿನಿಂದ ಪತ್ರಿಕೆ ತೆಗೆದು ಮೇಜಿನ ಮೇಲೆ ಹರಡಿ, ಬೂದು ಬಳಿದ ಜಾಗ ತೋರಿಸಿ, ಇದನ್ನು ಯಾಕೆ ಅಳಿಸಿದೆ ಅಂತ ಕೇಳಿದಳು. ಹುಡುಗಿ ನೆಲ ನೋಡಿದಳು. ಉತ್ತರ ಕೊಟ್ಟದ್ದು ತಾಯಿ.

‘ಅದು ನಾನೇ ಕಲಿಸಿದ್ದು ಮೇಡಂ. ಬಟ್ಟೆ ಕೊಡೋವಾಗ ಗೀಟು ಕಾಣಬಾರದು. ಒಂದು ಗೀಟು ಉಳಿದ್ರೂ ಗಿರಾಕಿ ಮೂಗು ಮುರೀತಾರೆ. ಹೊಲಿಗೆ ಮುಗೀತು ಅಂದ್ರೆ ಎಲ್ಲಾ ಒರೆಸಿಬಿಡಬೇಕು.’

‘ಇದು ಬಟ್ಟೆ ಅಲ್ವಲ್ಲಮ್ಮ. ಪರೀಕ್ಷೆ. ನಾನು ವರ್ಷಪೂರ್ತಿ ಬಡ್ಕೊಂಡಿದ್ದೀನಿ, ಹೆಜ್ಜೆ ತೋರಿಸಿ, ಹೆಜ್ಜೆ ತೋರಿಸಿ ಅಂತ.’

ಹುಡುಗಿ ಬಾಯಿಬಿಟ್ಟಳು. ದನಿ ತನಗೇ ಕೇಳಿಸುವಷ್ಟು. ‘ನಿಮ್ಮ ಹೆಜ್ಜೆ ಬೋರ್ಡ್ ಮೇಲಿರುತ್ತಲ್ಲ ಮಿಸ್, ನಂದೂ ಹಾಗಿದ್ದಿದ್ರೆ ತೋರಿಸ್ತಿದ್ದೆ. ನಂದು ಹಾಗಿಲ್ಲ.’

ತಾಯಿಗೆ ಅಷ್ಟರಲ್ಲಿ ಧೈರ್ಯ ಬಂದಿತ್ತು. ಕತ್ತರಿ ಎತ್ತಿ ಪಕ್ಕಕ್ಕಿಟ್ಟು ಅಂದಳು: ‘ತೋರಿಸಿದ್ಳಂತಲ್ಲ ಒಂದ್ಸಲ. ಎಂಟನೇ ಕ್ಲಾಸಲ್ಲಿ. ನೀವೇ ನೋಟ್‌ಬುಕ್ ಎತ್ತಿ ಹಿಡಿದು, ಇದು ಗಣಿತದ ಪುಸ್ತಕವೋ ಟೈಲರ್ ಅಂಗಡಿ ಅಳತೆ ಚೀಟಿಯೋ, ಟೇಪು ತರ್ಲಾ ಅಂದ್ರಂತೆ. ಎಲ್ರೂ ನಕ್ರಂತೆ. ಅವತ್ತಿಂದ ತಾನೇ ಇವಳಿಗೆ ಆ ಹೆಸರು. ತಮಾಷೆಗೆ ಅಂದಿರ್ತೀರಿ ಬಿಡಿ. ನಾನೇ ಹೇಳ್ದೆ ಇವಳಿಗೆ, ದೊಡ್ಡೋರು ಅಂದಿದ್ದನ್ನ ಮನಸ್ಸಿಗೆ ಹಚ್ಕೋಬಾರ್ದು ಅಂತ.’

ಮೇಡಂಗೆ ಅದು ನೆನಪಿರಲಿಲ್ಲ. ಎಷ್ಟು ಹುಡುಕಿದರೂ ನೆನಪಿರಲಿಲ್ಲ. ಆ ದಿನ, ಆ ನೋಟ್‌ಬುಕ್ಕು, ಆ ಮಾತು ಯಾವುದೂ ಸಿಗಲಿಲ್ಲ. ಮಧ್ಯಾಹ್ನದ ಪಿರಿಯಡ್ಡು ಇದ್ದಿರಬೇಕು, ತಲೆಗಳು ತೂಗಾಡುತ್ತಿದ್ದಿರಬೇಕು. ಕ್ಲಾಸು ಎದ್ದು ಕೂತಿರಬೇಕು. ಒಬ್ಬಳು ಮಾತ್ರ ಕೂತಲ್ಲೇ ಕುಸಿದಿದ್ದು ಕೊನೆಯ ಬೆಂಚಿನಿಂದಲೂ ಕಾಣದೇ ಹೋಗಿತ್ತು. ಮೂವತ್ತಮೂರು ವರ್ಷದಲ್ಲಿ ಇಂಥವು ಎಷ್ಟು ಮಾತೋ, ಎಷ್ಟು ಹೆಸರೋ. ಹೇಳಿದವರು ಮರೆತರು ಅಂದ ಮಾತ್ರಕ್ಕೆ ಕೇಳಿದವರೂ ಮರೆತಿರುತ್ತಾರೆ ಅಂದುಕೊಂಡು ಎಷ್ಟು ನೆಮ್ಮದಿಯಾಗಿ ಸಂಬಳ ತೆಗೆದುಕೊಂಡೆವು ನಾವು, ಅನ್ನಿಸಿತು ಆಕೆಗೆ.

‘ಹದಿನಾಲ್ಕನೇ ಲೆಕ್ಕ ನಂಗೆ ಹೇಳಿಕೊಡು’ ಅಂದಳು.

ಹುಡುಗಿ ತಾಯಿಯ ಮುಖ ನೋಡಿದಳು. ಆಮೇಲೆ ಒಂದು ಚೂರು ಬಟ್ಟೆ ತೆಗೆದು ಹಾಸಿದಳು. ಉದ್ದ ನಾಲ್ಕು ಹೆಚ್ಚಿದೆಯಲ್ಲ, ಅದರಲ್ಲಿ ಅರ್ಧ, ಅಂದರೆ ಎರಡು ಅಳತೆ ಅಗಲದ ತುಂಡು ಈ ಕಡೆಯಿಂದ ಕತ್ತರಿಸಿ ಪಕ್ಕಕ್ಕೆ ಜೋಡಿಸಿದರೆ ಬಟ್ಟೆ ಚೌಕವಾಗುತ್ತದೆ. ಆದರೆ ಮೂಲೆಯಲ್ಲಿ ಎರಡಕ್ಕೆರಡು ತೇಪೆ ಕಡಿಮೆ ಬೀಳುತ್ತದೆ. ಆ ತೇಪೆ ನಾಲ್ಕು. ತೊಂಬತ್ತಾರಕ್ಕೆ ನಾಲ್ಕು ಸೇರಿಸಿದರೆ ನೂರು. ಅಂದರೆ ಚೌಕದ ಬದಿ ಹತ್ತು. ಅಗಲ ಅದಕ್ಕಿಂತ ಎರಡು ಕಡಿಮೆ, ಉದ್ದ ಎರಡು ಹೆಚ್ಚು. ಎಂಟು, ಹನ್ನೆರಡು. ಹೇಳಿ ಮುಗಿಸಿದವಳೇ ಅಂಗೈಯಿಂದ ಗೀಟುಗಳನ್ನೆಲ್ಲ ಪಟಪಟ ಒರೆಸಿಬಿಟ್ಟಳು.

ಮೇಡಂ ಮೇಜಿನ ಅಂಚು ಹಿಡಿದು ನಿಂತಳು. ‘ವರ್ಗ ಪೂರ್ಣಗೊಳಿಸುವ ವಿಧಾನ’ ಅಂತ ಪುಸ್ತಕದಲ್ಲಿ ಒಂದು ಭಾಗವಿದೆ. ವರ್ಷಕ್ಕೊಂದು ಸಲದಂತೆ ಅದನ್ನು ಆಕೆ ಹೇಳಿಕೊಟ್ಟಿದ್ದಳು. ಅರ್ಧ ಮಾಡಿ, ವರ್ಗ ಮಾಡಿ, ಎರಡೂ ಕಡೆ ಸೇರಿಸಿ. ಯಾಕೆ ಸೇರಿಸಬೇಕು ಮಿಸ್ ಅಂತ ಕೇಳಿದವರಿಗೆ, ಸೂತ್ರ ಹಾಗಿದೆ, ಬಾಯಿಪಾಠ ಮಾಡು ಅಂದಿದ್ದಳು. ಆ ಸೂತ್ರಕ್ಕೊಂದು ಮೂಲೆ ಇದೆ, ಮೂಲೆಯಲ್ಲೊಂದು ತೇಪೆ ಕಡಿಮೆ ಇದೆ ಅನ್ನುವುದು ಇವತ್ತು ಗೊತ್ತಾಯಿತು. ತಾನು ನಗಿಸಿ ಕೂರಿಸಿದ ಹುಡುಗಿಯಿಂದ.

ಮನೆಗೆ ಬಂದು ಪತ್ರಿಕೆಯನ್ನು ಮತ್ತೆ ತಿದ್ದಿದಳು. ಹನ್ನೊಂದು ಇದ್ದದ್ದು ನಲವತ್ತಮೂರಾಯಿತು. ಅಡುಗೆಮನೆಯಿಂದ ಟೀ ಹಿಡಿದು ಬಂದ ಗಂಡನಿಗೆ ಎಲ್ಲ ಹೇಳಿದಳು. ಅವರು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಿವೃತ್ತರಾಗಿ ನಾಲ್ಕು ವರ್ಷವಾದರೂ ಒಂದು ಕೋಣೆಗೆ ಕಾಲಿಟ್ಟರೆ ಮೊದಲು ತಲೆ ಎಣಿಸುವ ಅಭ್ಯಾಸ ಬಿಟ್ಟಿರಲಿಲ್ಲ. ನೆಂಟರ ಮನೆಯಲ್ಲೂ ಎಣಿಸಿ ಹೆಂಡತಿಯಿಂದ ಬೈಸಿಕೊಳ್ಳುವವರು.

‘ಹಾಗಾದ್ರೆ ಆ ಹುಡುಗಿ ಹೆಸರು ತೆಗೆಸಿಬಿಡು’ ಅಂದರು.

‘ಉಳಿದ ಎಂಟು?’

‘ಅವರೂ ಅಳಿಸಿದ್ದಾರಾ?’

‘ಇಲ್ಲ. ಉಜ್ಜಿ ನೋಡಿದೆ. ಅವರು ಬರೆದೇ ಇಲ್ಲ.’

ಅವರು ಟೀ ಕುಡಿದು ಮುಗಿಸಿದರು. ಆಮೇಲೆ ಲೋಟ ಕೆಳಗಿಟ್ಟರು. ‘ನೋಡೇ, ನಮ್ಮಲ್ಲಿ ಒಂದು ರೂಲ್ಸಿತ್ತು. ಟಿಕೆಟ್ ತಗೊಂಡವನು ಕುಡಿದಿರ್ಲಿ, ನಿದ್ದೆ ಮಾಡ್ಲಿ, ನನಗೇ ಬಯ್ಲಿ. ಅವನ ಸ್ಟಾಪ್ ಬರೋ ತನಕ ಇಳಿಸೋ ಹಾಗಿಲ್ಲ. ನಿಮ್ಮ ಸ್ಕೂಲಲ್ಲಿ ಆ ರೂಲ್ಸಿಲ್ವಾ?’

ಆಕೆಗೆ ನಗು ಬಂತು, ಜತೆಗೆ ಕಣ್ಣಲ್ಲಿ ನೀರೂ ಬಂತು. ಆರು ವರ್ಷದಲ್ಲಿ ತಾನು ಇಳಿಸಿದವರನ್ನು ಬೆರಳಲ್ಲಿ ಎಣಿಸುತ್ತಾ ಹೋದಳು. ಇಪ್ಪತ್ತೆಂಟಕ್ಕೆ ನಿಂತಿತು. ಆ ಇಪ್ಪತ್ತೆಂಟು ಪತ್ರಿಕೆಗಳನ್ನು ಯಾವ ಬಿಸಿಲಿಗೂ ಹಿಡಿದಿರಲಿಲ್ಲ. ಈಗ ಹಿಡಿಯೋಣವೆಂದರೆ ಅವೆಲ್ಲ ರದ್ದಿಗೆ ಹೋಗಿ ಪೊಟ್ಟಣವಾಗಿವೆ.

ಶುಕ್ರವಾರ ಬೆಳಿಗ್ಗೆ ಹೆಡ್‌ಮಾಸ್ಟರ ಕೋಣೆಯಲ್ಲಿ ಆಕೆ ಪತ್ರಿಕೆ ಇಟ್ಟು ನಡೆದದ್ದೆಲ್ಲ ಹೇಳಿದಳು. ಅವರು ಗಮನವಿಟ್ಟು ಕೇಳಿದರು. ಬೂದು ಹಾಳೆಯನ್ನು ಬೆಳಕಿಗೆ ಹಿಡಿದೂ ನೋಡಿದರು. ನಿಜಕ್ಕೂ ಸಂತೋಷಪಟ್ಟರು. ಇಂಥ ಹುಡುಗಿ ಶಾಲೆಗೆ ಹೆಮ್ಮೆ ಅಂದರು. ತಮ್ಮ ಪೆನ್ನು ತೆಗೆದು ಐದನೇ ಹೆಸರಿನ ಮೇಲೆ ನೀಟಾಗಿ ಗೆರೆ ಎಳೆದರು.

‘ಆಯ್ತಲ್ಲ ಮೇಡಂ. ಎಂಟು. ಸಹಿ ಮಾಡಿ.’

ಆಕೆ ಬಂದದ್ದು ಇದಕ್ಕೇ ಆಗಿದ್ದರೆ ಕೆಲಸ ಮುಗಿದಿತ್ತು. ಯಾರೂ ಬೆರಳು ತೋರಿಸುತ್ತಿರಲಿಲ್ಲ. ಹುಡುಗಿ ಉಳಿದಳು, ಮೇಡಂ ಮನಸ್ಸೂ ತಣ್ಣಗಾಯಿತು, ಬೋರ್ಡೂ ಉಳಿಯಿತು. ಒಳ್ಳೆಯವರು ಅನ್ನಿಸಿಕೊಂಡವರೆಲ್ಲ ಹೆಚ್ಚಾಗಿ ಇಲ್ಲೇ ಎದ್ದು ಹೋಗುತ್ತಾರೆ, ಒಬ್ಬರನ್ನು ಉಳಿಸಿಕೊಂಡು.

ಆಕೆ ಏಳಲಿಲ್ಲ. ಒಬ್ಬಳ ವಿಷಯದಲ್ಲಿ ನನ್ನ ಕಣ್ಣು ಇಷ್ಟು ತಪ್ಪಿದೆ, ಉಳಿದ ಎಂಟು ಮಂದಿ ವಿಷಯದಲ್ಲಿ ಆ ಕಣ್ಣನ್ನೇ ನಂಬಿ ಹೇಗೆ ಸಹಿ ಹಾಕಲಿ ಅಂದಳು. ಹೆಡ್‌ಮಾಸ್ಟರು ಮೆಲ್ಲಗೆ, ಆ ಎಂಟು ಮಂದಿಯಲ್ಲೂ ಇಂಥ ಜಾಣತನ ಅಡಗಿದೆಯೇ ಅಂತ ಕೇಳಿದರು.

‘ಇಲ್ಲ ಸರ್. ಇಬ್ಬರಿಗೆ ಮಗ್ಗಿನೇ ಬರಲ್ಲ. ಒಬ್ಬ ವಾರಕ್ಕೆ ಮೂರು ದಿನ ಬರ್ತಾನೆ. ಒಬ್ಬಳು ಬಾಯೇ ಬಿಡಲ್ಲ. ಇನ್ನೊಬ್ಬ ನೋಡಿ ಬರೀತಾನೆ, ಅದೂ ತಪ್ಪು ನೋಡಿ ಬರೀತಾನೆ. ಫೇಲಾದ್ರೂ ಆಗಬಹುದು. ನಮ್ಮ ಸ್ಕೂಲಿನ ಹೆಸರಲ್ಲೇ ಫೇಲಾಗ್ಲಿ. ಮೂರು ವರ್ಷ ನಮ್ಮ ಹತ್ರಾನೇ ತಾನೇ ಕಲಿತಿದ್ದು?’

ಅಲ್ಲಿಂದ ಮುಂದೆ ಹೆಡ್‌ಮಾಸ್ಟರ ಮಾತಿನ ಬಣ್ಣ ಬದಲಾಯಿತು, ದನಿ ಮಾತ್ರ ಬದಲಾಗಲಿಲ್ಲ. ಎಂಟು ತಿಂಗಳಲ್ಲಿ ಬೀಳ್ಕೊಡುಗೆ ಇದೆ, ಈ ವಯಸ್ಸಿನಲ್ಲಿ ಕಹಿ ಯಾಕೆ ಅಂದರು. ಹತ್ತನೇ ತರಗತಿ ಭಾರವಾಗುತ್ತಿದ್ದರೆ ಎಂಟಕ್ಕೆ ಬದಲಾಯಿಸಿಕೊಡಬಹುದು ಅಂದರು. ಕಳೆದ ಆರು ವರ್ಷ ಇದೇ ಪಟ್ಟಿಗೆ ಯಾರೂ ಕೈ ಹಿಡಿದು ಸಹಿ ಮಾಡಿಸಿರಲಿಲ್ಲ ಅನ್ನುವುದನ್ನೂ ನೆನಪಿಸಿದರು. ಅದು ಮಾತ್ರ ನಾಟಿತು. ಅದು ನಿಜವಾಗಿತ್ತು.

ಆಕೆ ಮೇಜಿನ ಮೇಲಿದ್ದ ಬಿಳಿ ಹಾಳೆ ಎಳೆದುಕೊಂಡು ಅಲ್ಲೇ ಬರೆಯತೊಡಗಿದಳು. ಅರ್ಧವಾರ್ಷಿಕ ಗಣಿತ ಪರೀಕ್ಷೆಯಲ್ಲಿ ತಾನು ಮಾಡಿದ ಮೌಲ್ಯಮಾಪನ ತಪ್ಪಾಗಿದೆ, ಒಂದು ಪತ್ರಿಕೆಯಲ್ಲಿ ಮೂವತ್ತೆರಡು ಅಂಕದ ವ್ಯತ್ಯಾಸ ಬಂದಿದೆ, ಆದ್ದರಿಂದ ತನ್ನ ಅಂಕಗಳ ಆಧಾರದ ಮೇಲೆ ತಯಾರಿಸಿದ ಯಾವ ಪಟ್ಟಿಯೂ ಒಪ್ಪತಕ್ಕದ್ದಲ್ಲ, ಇದು ತನ್ನ ಲಿಖಿತ ಹೇಳಿಕೆ. ಕೆಳಗೆ ಸಹಿ, ದಿನಾಂಕ. ಶಾಲೆಯಲ್ಲಿ ಅಂಕದ ವಿಷಯದಲ್ಲಿ ಆಕೆಯ ಮಾತೇ ಕೊನೆ ಅಂತ ಇತ್ತು. ಆ ಹೆಸರನ್ನು ಆಕೆ ಒಂದೇ ಹಾಳೆಯಲ್ಲಿ ತಾನೇ ಹೊಡೆದು ಹಾಕಿದಳು.

‘ಪಟ್ಟಿಗೆ ಸಹಿ ಕೇಳಿದ್ರಿ. ಇದು ನನ್ನ ಸಹಿ’ ಅಂದಳು.

ಆದರೆ ಪೋಷಕರನ್ನು ಕರೆಸಿಯಾಗಿತ್ತು. ಪಟ್ಟಿ ಬಿದ್ದರೂ, ಅವರೇ ಟಿಸಿ ಬೇಕು ಅಂತ ಬರೆದುಕೊಟ್ಟರೆ ತಡೆಯುವವರು ಯಾರು? ಎಲ್ಲ ಆಟವೂ ನಿಂತಿದ್ದದ್ದು ಆ ಒಂದು ಕಾಗದದ ಮೇಲೆ. ಶಾಲೆ ಯಾರನ್ನೂ ಹೊರಗೆ ಹಾಕುವ ಹಾಗಿಲ್ಲ. ಅಪ್ಪ ಅಮ್ಮನೇ ಕೇಳಬೇಕು. ಅದಕ್ಕೇ ಗುಮಾಸ್ತರು ಒಂಬತ್ತು ಅರ್ಜಿ ಮೊದಲೇ ಟೈಪ್ ಮಾಡಿಟ್ಟಿದ್ದರು: ‘ನನ್ನ ಮಗ/ಮಗಳ ಹಿತದೃಷ್ಟಿಯಿಂದ ಸ್ವಇಚ್ಛೆಯಿಂದ ಕೋರುತ್ತೇನೆ.’ ಇಚ್ಛೆಯನ್ನೂ ಟೈಪ್ ಮಾಡಿ ಕೊಡುವ ಔದಾರ್ಯ.

ಶನಿವಾರ ಮೇಡಂ ಹೆಡ್‌ಮಾಸ್ಟರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಳು. ಕಾಯುವವರಿಗೆ ಅಂತ ಹಾಕಿದ ಬೆಂಚು. ಅಲ್ಲಿ ಕೂರಬೇಡಿ ಅನ್ನಲು ಯಾವ ನಿಯಮವೂ ಇರಲಿಲ್ಲ. ಬಂದ ಪ್ರತಿಯೊಬ್ಬರನ್ನೂ ಪಕ್ಕ ಕೂರಿಸಿಕೊಂಡಳು. ಒಳಗೆ ನಿಮಗೆ ಒಂದು ಕಾಗದ ಕೊಡುತ್ತಾರೆ, ಅದು ನಿಮ್ಮ ಮಗುವನ್ನು ಶಾಲೆ ಬಿಡಿಸುವ ಅರ್ಜಿ, ನೀವು ಕೇಳದೆ ಅವರು ಕಳಿಸುವ ಹಾಗಿಲ್ಲ, ಸಹಿ ಹಾಕುವುದೂ ಬಿಡುವುದೂ ನಿಮ್ಮ ಕೈಯಲ್ಲಿದೆ. ಪ್ರತಿಯೊಬ್ಬರಿಗೂ ಅಷ್ಟೇ ಹೇಳಿದಳು. ಪಾಸು ಮಾಡಿಸುತ್ತೇನೆ ಅಂತ ಯಾರಿಗೂ ಮಾತು ಕೊಡಲಿಲ್ಲ.

ಹೊಲಿಗೆಯವಳು ಎಲ್ಲರಿಗಿಂತ ಮೊದಲು ಬಂದಿದ್ದಳು. ಮಗಳ ಹೆಸರನ್ನು ಪಟ್ಟಿಯಿಂದ ಹೊಡೆದಿದ್ದಾರೆ, ನೀವು ಮನೆಗೆ ಹೋಗಬಹುದು ಅಂತ ಮೇಡಂ ಹೇಳಿದರೂ ಎದ್ದು ಹೋಗದೆ ಬೆಂಚಿನ ಆ ತುದಿಯಲ್ಲಿ ಕೂತಳು. ಯಾರಾದರೂ ಮೇಡಂ ಹೇಳಿದ್ದು ಅರ್ಥವಾಗದೆ ಕಣ್ಣು ಪಿಳಿಪಿಳಿ ಬಿಟ್ಟರೆ ಅವಳು ತನ್ನ ಭಾಷೆಯಲ್ಲಿ ನೇರವಾಗಿ ಬಿಡಿಸಿ ಹೇಳುತ್ತಿದ್ದಳು: ‘ಏನಿಲ್ಲ ಅಕ್ಕ, ಅರ್ಧ ಹೊಲಿದ ಬಟ್ಟೆ ವಾಪಸ್ ಕೊಟ್ಟು, ನಾವೇ ಕಿತ್ಕೊಂಡ್ವಿ ಅಂತ ನಮ್ಮ ಕೈಲೇ ಬರೆಸ್ಕೋತಾರೆ. ಬರೀಬೇಡ.’

ಮಧ್ಯಾಹ್ನದ ಹೊತ್ತಿಗೆ ಏಳು ಮಂದಿ ಸಹಿ ಹಾಕದೆ ಹೊರಗೆ ಬಂದರು. ಒಬ್ಬ ತಂದೆ ಬೆವರುತ್ತಿದ್ದ. ಒಳಗೆ ತುಂಬ ಒಳ್ಳೆ ಮಾತಾಡಿದರು ಮೇಡಂ, ಇಲ್ಲ ಅನ್ನೋಕೆ ಕಷ್ಟವಾಯಿತು ಅಂದ.

ಬಾರದೆ ಉಳಿದದ್ದು ಒಬ್ಬರು. ಕೊನೆಯ ಬೆಂಚಿನ ‘ಉದ್ದಣ್ಣ’ನ ಅಪ್ಪ, ಗೋಡೌನಿನಲ್ಲಿ ಮೂಟೆ ಹೊರುವವರು. ವಿಚಾರಿಸಿದರೆ ಗುಮಾಸ್ತರು ಫೈಲಿನಿಂದ ಕಣ್ಣೆತ್ತದೆ, ಅವರು ನಿನ್ನೆ ಸಂಜೆಯೇ ಬಂದು ಸಹಿ ಹಾಕಿ ಹೋದರಲ್ಲ, ಶನಿವಾರ ರಜಾ ಸಿಗುವುದಿಲ್ಲವಂತೆ ಅಂದರು. ಟಿಸಿ ಬರೆದಾಯಿತೇ ಅಂತ ಕೇಳಿದಳು. ಸೋಮವಾರ ಬರೀತೀನಿ ಅಂದರು.

ಮೇಡಂ ಊಟ ಬಿಟ್ಟು ಗೋಡೌನಿಗೆ ನಡೆದಳು. ಲಾರಿಯ ಹಿಂದೆ ಮೂಟೆಗಳ ನಡುವೆ ಆ ಮನುಷ್ಯ ಸಿಕ್ಕ, ಹೆಗಲ ಮೇಲಿನ ಗೋಣಿಯನ್ನು ತೆಗೆಯದೆಯೇ ಮಾತಾಡಿದ. ಆಕೆ ಹಿಂದಿನ ಅರ್ಜಿಯನ್ನು ವಾಪಸ್ ಪಡೆಯುತ್ತೇನೆ ಅಂತ ಬರೆದ ಹಾಳೆ ಕೈಯಲ್ಲಿ ಹಿಡಿದಿದ್ದಳು. ಅವನು ಅದನ್ನು ಮುಟ್ಟಲಿಲ್ಲ. ಬರೆದುಕೊಟ್ಟದ್ದನ್ನು ವಾಪಸ್ ಕೇಳುವುದು ಮರ್ಯಾದೆಯಲ್ಲ ಅಂದ. ಆಮೇಲೆ ಕೇಳಿದ:

‘ಅವನು ಪಾಸಾಗ್ತಾನಾ ಮೇಡಂ?’

‘ಗೊತ್ತಿಲ್ಲ.’

‘ಮತ್ತೆ ಇಷ್ಟು ದೂರ ಬಂದ್ರಿ.’

‘ಪಾಸಾಗ್ತಾನೋ ಇಲ್ವೋ ಗೊತ್ತಿಲ್ಲ. ಸ್ಕೂಲು ಬಿಡಿಸಿದ್ರೆ ಪರೀಕ್ಷೆ ಬರೆಯಲ್ಲ, ಅದು ಗೊತ್ತು. ಇಪ್ಪತ್ತೆಂಟು ಮಕ್ಕಳನ್ನ ಹೀಗೇ ಬಿಡಿಸಿದ್ದೀವಿ. ನಾನೇ ಸಹಿ ಹಾಕಿದ್ದು.’

ಆ ಮನುಷ್ಯ ಆಕೆಯನ್ನು ದಿಟ್ಟಿಸಿ ನೋಡಿದ. ಟೀಚರೊಬ್ಬರು ತಪ್ಪು ಮಾಡಿದೆ ಅಂತ ತನ್ನ ಎದುರು ನಿಂತು ಹೇಳಿದ್ದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಗೋಣಿ ಕೆಳಗಿಟ್ಟ, ಕೈಯನ್ನು ಅಂಗಿಗೆ ಒರೆಸಿಕೊಂಡ, ಪೆನ್ನು ಕೇಳಿದ. ಮೂಟೆಯ ಮೇಲೆ ಹಾಳೆ ಇಟ್ಟು ಸಹಿ ಹಾಕಿದ್ದರಿಂದ ಅಕ್ಷರ ಉಬ್ಬುತಗ್ಗಾಗಿ ಬಂತು. ಇದು ನಡೆಯುತ್ತಾ ಅಂತ ಸಂಕೋಚದಿಂದ ಕೇಳಿದ. ಚೆನ್ನಾಗಿ ನಡೆಯುತ್ತೆ ಅಂದಳು ಮೇಡಂ.

ಸೋಮವಾರ ಶಾಲೆಯ ಬೀಗ ತೆಗೆಯುವ ಮೊದಲೇ ಆಕೆ ಗುಮಾಸ್ತರ ಬಾಗಿಲಲ್ಲಿ ನಿಂತಿದ್ದಳು. ಹಾಳೆ ಕೊಟ್ಟು, ಅದರ ಪ್ರತಿಯ ಮೇಲೆ ಸ್ವೀಕರಿಸಿದೆ ಅಂತ ಸೀಲು ಒತ್ತಿಸಿಕೊಂಡು, ಸೀಲಿನ ಮಸಿ ಒಣಗುವವರೆಗೂ ಊದಿ, ಮಡಚಿ ಬ್ಯಾಗಿಗಿಟ್ಟಳು. ಪಬ್ಲಿಕ್ ಪರೀಕ್ಷೆಗೆ ಕಳಿಸುವ ಪಟ್ಟಿಯಲ್ಲಿ ನಲವತ್ತೇಳು ಹೆಸರು ಇರುವುದನ್ನು ಗುಮಾಸ್ತರ ಭುಜದ ಹಿಂದೆ ನಿಂತು ಒಂದೊಂದಾಗಿ ಎಣಿಸಿದಳು, ಗಂಡನ ಹಾಗೆ, ಬೆರಳು ಆಡಿಸುತ್ತಾ. ಹೆಡ್‌ಮಾಸ್ಟರು ಆಕೆಯ ಮುಖ ನೋಡದೆ ಸಹಿ ಹಾಕಿದರು. ನಿಮ್ಮಿಂದ ಈ ಬೋರ್ಡು ಹೋಗುತ್ತೆ ಅಂದರು. ಹೋಗಲಿ ಬಿಡಿ ಸರ್ ಅಂದಳು ಆಕೆ. ಎಂಟನೇ ತರಗತಿಗೆ ಬದಲಾಯಿಸುವ ಮಾತನ್ನು ಅವರೂ ಎತ್ತಲಿಲ್ಲ. ಮಗ್ಗಿ ಬಾರದವರನ್ನು ಯಾರು ವಹಿಸಿಕೊಳ್ಳುತ್ತಾರೆ?

ಮೊದಲ ಪಿರಿಯಡ್ಡು. ಹಾಜರಿ ಪುಸ್ತಕ ತೆರೆದಳು. ಉದ್ದಣ್ಣನ ಜಾಗ ಖಾಲಿಯಿತ್ತು. ಅವನ ಸಂಖ್ಯೆ ಕೂಗಿ, ಸ್ವಲ್ಪ ಕಾದು, ಗೈರು ಅಂತ ಹಾಕದೆ ಮುಂದಕ್ಕೆ ಹೋದಳು. ಮುಂದೊಂದು ಕಡೆ ಬಂದಾಗ ನಿಲ್ಲಿಸಿ, ಪುಸ್ತಕದಲ್ಲಿದ್ದ ಪೂರ್ತಿ ಹೆಸರನ್ನು ಇನಿಷಿಯಲ್ ಸಮೇತ ಸ್ಪಷ್ಟವಾಗಿ ಓದಿದಳು. ಅದು ಯಾರು ಅಂತ ಕ್ಲಾಸು ಅತ್ತಿತ್ತ ನೋಡಿತು. ಎರಡನೇ ಸಾಲಿನ ಮೂಲೆಯಿಂದ ಟೇಪು ತಡವರಿಸುತ್ತಾ ಎದ್ದು ನಿಂತಳು.

ಎಂಟನೇ ಕ್ಲಾಸಿನಲ್ಲಿ ಇವಳ ನೋಟ್‌ಬುಕ್ ಎತ್ತಿ ಹಿಡಿದು ಒಂದು ತಮಾಷೆ ಮಾಡಿದ್ದೆ, ಅದು ನನಗೆ ನೆನಪಿಲ್ಲ, ನಿಮಗೆ ನೆನಪಿರುತ್ತದೆ, ಅದು ತಪ್ಪಾಗಿತ್ತು ಅಂತ ಮೇಡಂ ಕ್ಲಾಸಿಗೆ ಹೇಳಿದಳು. ನನಗೆ ಗೊತ್ತಿಲ್ಲದ ಗಣಿತ ಅದರಲ್ಲಿತ್ತು ಅಂದಳು. ಯಾರೂ ನಗಲಿಲ್ಲ.

ಹದಿನಾಲ್ಕನೇ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದು, ಸೀಮೆಸುಣ್ಣವನ್ನು ಹುಡುಗಿಯ ಕೈಗೆ ಕೊಟ್ಟು, ಎಂದಿನಂತೆ ಕೊನೆಯ ಬೆಂಚಿಗೆ ನಡೆದಳು. ಈ ಸಲ ವಾಪಸ್ ಬರಲಿಲ್ಲ, ಉದ್ದಣ್ಣನ ಖಾಲಿ ಜಾಗದಲ್ಲಿ ಕೂತಳು. ಹುಡುಗಿ ಆಯತದಿಂದ ಹಿಡಿದು ಮೂಲೆಯ ತೇಪೆಯವರೆಗೆ ಎಲ್ಲ ಹೆಜ್ಜೆಯನ್ನೂ ಬರೆದು, ಕೊನೆಗೆ ಎಂಟು, ಹನ್ನೆರಡು ಅಂತ ಹಾಕಿ, ಒಂದು ಗೀಟನ್ನೂ ಒರೆಸದೆ ಸೀಮೆಸುಣ್ಣ ಕೆಳಗಿಟ್ಟಳು.